ಒಡಪಿಲ್ಲದ ಹೆಸರು

ಗಂಡನ ಹೆಸರನ್ನು ಬರೀ ಬಾಯಲ್ಲಿ ಎಂದೂ ಹೇಳುವುದಿಲ್ಲ ಎಂದು ರಾಜೇಶ್ವರಿ ತನ್ನ ಅತ್ತೆಗೆ ಮಾತು ಕೊಟ್ಟದ್ದು ಮದುವೆಯಾಗಿ ಬಂದ ದಿನವೇ. ಬೈಲಹೊಂಗಲದ ಮನೆಯ ಹೊಸ್ತಿಲ ಮುಂದೆ ನಿಂತಿದ್ದಳು, ಇನ್ನೂ ಸೇರು ಸಹ ಒದ್ದಿರಲಿಲ್ಲ.

ಬಾಗಿಲಿಗೆ ಅಡ್ಡ ನಿಂತ ನಾದಿನಿಯರು "ಹೆಸರ ಹೇಳವಾ, ಆಮ್ಯಾಲ ಒಳಗ ಬಾ" ಎಂದು ಹಟ ಹಿಡಿದಿದ್ದರು. ಹೆಸರು ಹೇಳುವುದೆಂದರೆ ಒಡಪ ಹೇಳುವುದು. ಎರಡು ಸಾಲಿನ ಪ್ರಾಸ ಕಟ್ಟಿ, ಅದರ ಉಡಿಯಲ್ಲಿ ಗಂಡನ ಹೆಸರನ್ನು ಕಟ್ಟಿ ಕೊಡುವುದು. ತವರಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಒಡಪಗಳೆಲ್ಲ ಆ ಗದ್ದಲಕ್ಕೆ ಹೆದರಿ ಓಡಿಹೋಗಿದ್ದವು. ಹುಡುಗಿ ಬೆವೆತು ನಿಂತಾಗ ಅತ್ತೆ ಕೃಷ್ಣವ್ವ ಎಲ್ಲರನ್ನೂ ಸರಿಸಿ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. ಸೊಸೆ ಅದನ್ನೇ ಗಟ್ಟಿಯಾಗಿ ಒಪ್ಪಿಸಿದಳು:

"ಹೊಸ್ತಿಲಕ್ಕ ಹಚ್ಚೀನಿ ಅರಿಷಿಣ ಕುಂಕುಮ ಬೊಟ್ಟ,
ಮಡಿವಾಳೆಪ್ಪ ಬಂದಾರ ನೋಡ್ರಿ ಹೊಸಾ ಅಂಗಿ ತೊಟ್ಟ."

ಎಲ್ಲರೂ ಹೋ ಎಂದರು. ಆ ಹೋ ಮುಗಿಯುವುದರೊಳಗೆ ಕೃಷ್ಣವ್ವ ಮತ್ತೆ ಕಿವಿಗೆ ಬಾಯಿ ಹಚ್ಚಿದಳು. "ನನಗೊಂದ್ ಮಾತ ಕೊಡವಾ. ನನ್ನ ಮಗನ ಹೆಸರ ಹೇಳೂದಿದ್ರ ಹಿಂಗ ಹೇಳು. ಬರೀ ಬಾಯಿಲೆ ಎಂದೂ ಹೇಳಬ್ಯಾಡ."

ಅವಳಿಗೆ ಕಾರಣವಿತ್ತು. ತಾನು ಹರೆಯದವಳಿದ್ದಾಗ, ಹೊಲದಲ್ಲಿ ಹೋರಿಯೊಂದು ಗಂಡನ ಬೆನ್ನಿಗೆ ಬಿದ್ದಿತ್ತು. ದೂರದಲ್ಲಿದ್ದ ಕೃಷ್ಣವ್ವ ಅವನ ಹೆಸರು ಹಿಡಿದು ಊರು ಕೇಳುವ ಹಾಗೆ ಚೀರಿದ್ದಳು. ಅವನು ತಿರುಗಿ ನೋಡಿ, ಬೇಲಿ ಹಾರಿ ಉಳಿದ. ಆದರೆ ಮರುವರ್ಷದ ಸುಗ್ಗಿಯಲ್ಲಿ ಜ್ವರ ಬಂದು ಹೋಗಿಬಿಟ್ಟ. ಒಡಪವಿಲ್ಲದೆ ಹೆಸರು ಹಿಡಿದ ತನ್ನ ಬಾಯಿಯೇ ಅವನ ಆಯುಷ್ಯ ತಿಂದಿತು ಎಂದು ಅವಳು ಅಂದಿನಿಂದ ನಂಬಿದ್ದಳು. ಯಾರು ಎಷ್ಟು ಹೇಳಿದರೂ ಆ ನಂಬಿಕೆ ಕದಲಿರಲಿಲ್ಲ.

"ಕೊಟ್ಟೇನ್ರಿ ಅತ್ತಿ," ಎಂದು ರಾಜೇಶ್ವರಿ ಸೇರು ಒದ್ದು ಒಳಗೆ ಬಂದಳು.

ಬಂದವಳು ಆ ಮಾತನ್ನು ಹಿಡಿದುಕೊಂಡ ರೀತಿ ನೋಡಿದರೆ ಕೃಷ್ಣವ್ವನಿಗೇ ನಗು ಬರಬೇಕು. ಮೊದಮೊದಲು ಹೆದರಿ ಕಟ್ಟುತ್ತಿದ್ದ ಒಡಪ ಬರಬರುತ್ತ ಹವ್ಯಾಸವಾಯಿತು, ಆಮೇಲೆ ಚಟವೇ ಆಯಿತು. ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕೆಲಸ ಅವಳದು. ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಒಡಪಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಒಮ್ಮೆ ಬ್ಯಾಂಕಿನಲ್ಲಿ ಗುಮಾಸ್ತರು ಗಂಡನ ಹೆಸರು ಕೇಳಿದಾಗ ಕಿಟಕಿಯ ಮುಂದೆಯೇ ನಿಂತು,

"ಬ್ಯಾಂಕಿನ ಸಾಹೇಬ್ರು ಕೇಳತಾರ ಗಂಡನ ಹೆಸರ,
ಮಡಿವಾಳೆಪ್ಪ ಅಂದ್ರ ಗಡಿಗ್ಯಾಗಿನ ಗಟ್ಟಿ ಮೊಸರ"

ಎಂದಿದ್ದಳು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಗಡಿಗೆಯ ಮೊಸರು ಮಾತ್ರ ಅಲ್ಲೇ ಹಿಂದೆ ನಿಂತು ನಾಚಿ ಕೆಂಪಾಯಿತು. ಮಡಿವಾಳೆಪ್ಪ ಮೋಟಾರು ರಿವೈಂಡಿಂಗ್ ಅಂಗಡಿಯವನು, ಮಾತು ಕಡಿಮೆ. ಅಂದಿನಿಂದ ಯಾವ ಕಚೇರಿಗೆ ಹೋದರೂ ಯಾರಾದರೂ "ಗಂಡನ ಹೆಸರು?" ಎನ್ನುವಷ್ಟರಲ್ಲಿ ಹೆಂಡತಿ ಬಾಯಿ ತೆರೆಯುವ ಮುಂಚೆಯೇ "ಮಡಿವಾಳೆಪ್ಪ ಅಂತ್ರಿ, ನಾನ ರೀ ಅದು" ಎಂದು ತಾನೇ ಹೇಳಿಬಿಡುವುದನ್ನು ರೂಢಿ ಮಾಡಿಕೊಂಡ.

ಸುತ್ತಲಿನ ಊರುಗಳಲ್ಲಿ ಮದುವೆಯೆಂದರೆ ರಾಜೇಶ್ವರಿಗೆ ಕರೆ ಬರುತ್ತಿತ್ತು. ಮದುಮಗಳ ಪಕ್ಕ ಕೂತು, ಮದುಮಗನ ಹೆಸರು ಕೇಳಿ, ಅಲ್ಲೇ ಒಡಪ ಕಟ್ಟಿ ಕೊಡಬೇಕು. ಅವಳಿಗೆ ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿರಲಿಲ್ಲ.

ಸಂಗೊಳ್ಳಿಯಲ್ಲಿ ಅಂಥದ್ದೇ ಒಂದು ಮದುವೆ. ಮದುಮಗಳ ಕಿವಿಯಲ್ಲಿ "ತಾಮ್ರದ..." ಎಂದು ಶುರು ಮಾಡಿದ ರಾಜೇಶ್ವರಿಗೆ ಮುಂದಿನ ಮಾತು ಬರಲಿಲ್ಲ. ತಾಮ್ರದ್ದು, ನೀರು ತುಂಬುವುದು, ಹೊಟ್ಟೆ ದುಂಡಗಿರುವುದು ಎಂದು ಕೈ ಮಾಡಿ ತೋರಿಸಿದಳು. "ತಂಬಗಿ" ಎಂಬುದೊಂದು ಬಾಯಿಗೆ ಬರಲೊಲ್ಲದು. ಹೆಂಗಸರು ಹಾಸ್ಯ ಮಾಡುತ್ತಿದ್ದಾಳೆಂದು ನಕ್ಕರು. ಆಮೇಲೆ ಬಲಗೈ ನಡುಗತೊಡಗಿತು. ಅವಳು ಅಲ್ಲೇ ಒರಗಿಬಿದ್ದಳು.

ಬೆಳಗಾವಿಯ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಮಿದುಳಿನ ಎಡಭಾಗದಲ್ಲಿ ಅಡಿಕೆಯಷ್ಟು ದೊಡ್ಡ ಗಡ್ಡೆಯಿತ್ತು. ಡಾಕ್ಟರ್ ಲಕ್ಷ್ಮಣ ಮೈಸೂರು ಕಡೆಯವರು, ಎಳೆ ಮುಖದ ಗಂಭೀರ ಮನುಷ್ಯ. ಗಂಡ ಹೆಂಡತಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ರಾಜೇಶ್ವರಿಯ ತಲೆಯನ್ನು ಪರದೆಯ ಮೇಲೆ ಹಣ್ಣಿನಂತೆ ತಿರುಗಿಸಿ ತಿರುಗಿಸಿ ತೋರಿಸಿದರು.

"ನೋಡಿ, ಹಸಿರು ಗೆರೆ ಹಾಕಿದೀನಲ್ಲ, ಅದೇ ಗಡ್ಡೆ. ನಿಧಾನಕ್ಕೆ ಬೆಳೆಯೋ ಜಾತೀದು ಅನ್ಸುತ್ತೆ. ಪೂರ್ತಿ ತೆಗೆದರೆ ಒಳ್ಳೇದು. ಆದರೆ ಪಕ್ಕದಲ್ಲಿ ಬಣ್ಣಬಣ್ಣದ ಎಳೆಗಳು ಹೋಗ್ತಾ ಇವೆಯಲ್ಲ, ಅವು ಮಾತಿನ ಎಳೆಗಳು. ಈ ಕೆಳಗಿನದು ಜನರ ಹೆಸರುಗಳನ್ನ ಹಿಡಿದಿಡೋ ಎಳೆ."

ಮಡಿವಾಳೆಪ್ಪ ಮುಂದಕ್ಕೆ ಬಾಗಿ ನೋಡಿದ. "ಇದು ನಮ್ಮ ವೈಂಡಿಂಗ್ ಇದ್ದಂಗ ಐತಿ ನೋಡ್ರಿ ಸಾಹೇಬ್ರ. ಒಂದ ವಾಯರ್ ಕಟ್ ಆದ್ರ ಮೋಟಾರ್ ಬಂದ್."

"ಹಾಗೇ ಅಂದ್ಕೊಳ್ಳಿ."

"ನಾವು ಬಿಚ್ಚಿ ನೋಡತೇವ್ರಿ. ನಿಮಗ ಒಳಗ ಹೋದ ಮ್ಯಾಲ ಎಲ್ಲದೇವಿ ಅಂತ ಹೆಂಗ ಗೊತ್ತಾಗತೈತಿ?"

ಡಾಕ್ಟರಿಗೆ ಆ ಪ್ರಶ್ನೆ ಹಿಡಿಸಿತು. ತುದಿಗೆ ಹೊಳೆಯುವ ಪುಟ್ಟ ಗುಂಡುಗಳಿದ್ದ ಒಂದು ಕಡ್ಡಿಯ ಫೋಟೋ ತೋರಿಸಿದರು. "ಮೊಬೈಲ್‌ನಲ್ಲಿ ಬಸ್ಸು ಎಲ್ಲಿದೆ ಅಂತ ಕಾಣುತ್ತಲ್ಲ, ಹಾಗೆ. ಎರಡು ಕಣ್ಣಿನ ಕ್ಯಾಮೆರಾ ಈ ಗುಂಡುಗಳನ್ನ ನೋಡ್ತಿರುತ್ತೆ. ಕಡ್ಡಿ ತುದಿ ತಲೆಯೊಳಗೆ ಎಲ್ಲಿದೆ ಅಂತ ಈ ಚಿತ್ರದ ಮೇಲೆ ತೋರಿಸುತ್ತೆ. ಕೂದಲೆಳೆಯಷ್ಟು ಸರಿಯಾಗಿ."

"ಅಂದ್ಮ್ಯಾಲ ಮುಗೀತಲ್ರಿ," ಎಂದಳು ರಾಜೇಶ್ವರಿ. "ನನಗ ಮಲಗಿಸಿ ತಗದ ಒಗೀರಿ."

"ಅಲ್ಲೇ ಇರೋದು ತೊಂದರೆ. ಈ ಚಿತ್ರ ತಲೆ ಮುಚ್ಚಿದ್ದಾಗ ತೆಗೆದದ್ದು. ತೆರೆದ ಮೇಲೆ ಮಿದುಳು ಸ್ವಲ್ಪ ಕೂತ್ಕೊಂಡುಬಿಡುತ್ತೆ, ಜಾಗ ಬದಲಾಗುತ್ತೆ."

"ನಾದಿದ ಹಿಟ್ಟ ಬಿಟ್ರ ಕುಂಡ್ರತೈತಲ್ಲ, ಹಂಗ?"

"ಹಂಗೇ!" ಡಾಕ್ಟರ್ ಮೊದಲ ಸಲ ನಕ್ಕರು. "ಅದಕ್ಕೇ ನಕ್ಷೆ ಒಂದನ್ನೇ ನಂಬೋಕಾಗಲ್ಲ. ನೀವು ಎಚ್ಚರ ಇದ್ದು ಮಾತಾಡ್ತಾ ಇರಬೇಕು. ನೋವಾಗಲ್ಲ. ಒಂದೊಂದು ಜಾಗಕ್ಕೂ ಸಣ್ಣ ಕರೆಂಟ್ ಮುಟ್ಟಿಸಿ ನೋಡ್ತೀನಿ. ಎಲ್ಲಿ ಮಾತು ನಿಲ್ಲುತ್ತೋ ಅಲ್ಲಿ ನಾನೂ ನಿಲ್ತೀನಿ."

ಹೊರಗೆ ಬಂದು ರಾಜೇಶ್ವರಿ ಗಂಡನಿಗೆ ಹೇಳಿದಳು, "ಜೀವದ ಚಿಂತಿ ಇಲ್ರಿ ನನಗ. ಮಾತ ಹೋತಂದ್ರ ಈಗ ಬಂದೈತಲ್ಲ, ಆ ರೊಟ್ಟಿ ಬಡಿಯೂ ಯಂತ್ರಕ್ಕೂ ನನಗೂ ಏನ ಫರಕ?"

"ಯಂತ್ರಾ ಇಷ್ಟ ಬಯ್ಯಂಗಿಲ್ಲ," ಎಂದ ಮಡಿವಾಳೆಪ್ಪ. ಅವಳು ನಕ್ಕಳು. ಅವನು ನಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಸ್ನೇಹಲ್ ಎಂಬ ಹುಡುಗಿ ಬಂದಳು. ರಾಮದುರ್ಗದವಳು, ಮಾತಿನ ತಜ್ಞೆ. ನಾಳೆ ಒಳಗೆ ರಾಜೇಶ್ವರಿಯ ಮುಖದೆದುರು ಕೂತು ಮಾತಾಡಿಸುವವಳು ಅವಳೇ. ಚಿತ್ರಗಳನ್ನು ಒಂದೊಂದಾಗಿ ತೋರಿಸಿ ತಾಲೀಮು ಮಾಡಿಸಿದಳು. ಆಮೇಲೆ ತಂಗಿ ಅಕ್ಕನನ್ನು ಕೇಳುವ ಹಾಗೆ ಪ್ರಶ್ನೆಗಳು.

"ನಿಮ್ಮ ಹೆಸರೇನ್ರಿ ಅಕ್ಕಾರ?"

"ರಾಜೇಶ್ವರಿ."

"ಊರು?"

"ಬೈಲಹೊಂಗಲ."

"ಗಂಡನ ಹೆಸರು?"

"ಮಡಿವಾಳೆಪ್ಪ ಅಂತ್ರಿ, ನಾನ ರೀ ಅದು," ಎಂದ ಮಡಿವಾಳೆಪ್ಪ, ಮಂಚದ ಆ ಬದಿಯಿಂದ.

ಸ್ನೇಹಲ್ ನಕ್ಕು ಮುಂದಿನ ಪ್ರಶ್ನೆಗೆ ಹೋದಳು. ಆ ಒಂದು ಉತ್ತರ ರೋಗಿಯ ಬಾಯಿಂದ ಬಂದಿಲ್ಲವೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮರುದಿನ ಮೂಗುತಿ, ಕಾಲುಂಗುರ, ತಾಳಿ ಎಲ್ಲ ಮಡಿವಾಳೆಪ್ಪನ ಕರವಸ್ತ್ರದ ಗಂಟಿಗೆ ಹೋದವು. ಕಾಲುಂಗುರ ತೆಗೆಯಲು ಸಾಬೂನು ಹಚ್ಚಿ ಇಬ್ಬರು ನರ್ಸುಗಳು ಹೆಣಗಿದ್ದರು. ತಲೆ ಅಲುಗದಂತೆ ಬಿಗಿ ಮಾಡಿದ ಮೇಲೆ ಡಾಕ್ಟರ್ ಆ ಕಡ್ಡಿಯ ತುದಿಯಿಂದ ಅವಳ ಹುಬ್ಬು, ಕಣ್ಣಿನ ಮೂಲೆ, ಮೂಗಿನ ತುದಿ ಮುಟ್ಟುತ್ತ ಹೋದರು. ಚಿತ್ರದ ರಾಜೇಶ್ವರಿಗೂ ಮೇಜಿನ ಮೇಲಿನ ರಾಜೇಶ್ವರಿಗೂ ಗಂಟು ಹಾಕುವ ಕೆಲಸ ಅದು ಎಂದು ಸ್ನೇಹಲ್ ಹೇಳಿದಳು. ಬರಿದಾದ ಮೂಗಿಗೆ ಕಚಗುಳಿಯಾಯಿತು. ಆಮೇಲೆ ಜೋಂಪು ಹತ್ತಿತು.

ಎಚ್ಚರವಾದಾಗ ಎದುರಿಗೆ ಸ್ನೇಹಲ್ ಕೂತಿದ್ದಳು, ಮುಖಕ್ಕೆ ಮಾಸ್ಕು, ಕಣ್ಣಲ್ಲಿ ನಗು. ತೂಗುಬಿಟ್ಟ ಬಟ್ಟೆಯ ಸಂದಿಯಿಂದ ದೊಡ್ಡ ಟಿ.ವಿ.ಯ ಒಂದು ಮೂಲೆ ಕಾಣುತ್ತಿತ್ತು. ಅದರಲ್ಲಿ ತನ್ನದೇ ತಲೆ, ಹಸಿರು ಗೆರೆ, ಗೆರೆಯ ಹತ್ತಿರ ಅಲುಗುವ ಒಂದು ಕಡ್ಡಿ. ತನ್ನ ಅಡುಗೆಮನೆಗೆ ಯಾರೋ ಬಂದು ಡಬ್ಬಿ ಮುಟ್ಟುತ್ತಿರುವುದನ್ನು ಹೊರಗಿನಿಂದ ನೋಡಿದ ಹಾಗಿತ್ತು.

"ಇದೇನ್ರಿ ಅಕ್ಕಾರ?"

"ಆಕಳ."

"ಇದು?"

"ಬದನಿಕಾಯಿ. ಎಣಗಾಯಿಗೆ ಚಲೋ ಐತಿ, ಬಿಳೀ ತೊಟ್ಟಿಂದು."

"ಬರೀ ಹೆಸರು ಸಾಕು ತಾಯಿ," ಎಂದು ಹಿಂದಿನಿಂದ ಡಾಕ್ಟರ ದನಿ ಬಂತು. "ಅಡುಗೆ ಆಮೇಲೆ."

"ಎಣಗಾಯಿ ಉಂಡೀರೇನ್ರಿ ಸಾಹೇಬ್ರ?"

"ಉಂಡಿದೀನಿ. ಮುಂದಿಂದು ಹೇಳಿ."

ಮುಂದಿನದು ತಂಬಗಿ. ಅದು ತಂಬಗಿ ಎಂದು ಅವಳಿಗೆ ಗೊತ್ತಿತ್ತು, ಅದರ ತಣ್ಣನೆಯ ಮೈ ಸಹ ಅಂಗೈಗೆ ಗೊತ್ತಿತ್ತು. ಬಾಯಿ ಮಾತ್ರ ತೆರೆದುಕೊಂಡೇ ನಿಂತಿತು. ಡಾಕ್ಟರ್ ಕರೆಂಟು ತೆಗೆದ ಕೂಡಲೇ "ತಂಬಗಿ!" ಎಂದು ತಾನಾಗಿ ಹೊರಬಿತ್ತು. "ಸರಿ, ಈ ಜಾಗ ಬಿಟ್ಟುಬಿಡೋಣ," ಎಂದರು ಅವರು. ಟಿ.ವಿ.ಯ ಮೇಲೆ ಆ ಜಾಗದಲ್ಲೊಂದು ಕೆಂಪು ಚುಕ್ಕಿ ಮೂಡಿತು. ಹೀಗೆಯೇ ಚಿತ್ರ, ಹೆಸರು, ಚಿತ್ರ, ಹೆಸರು ಎನ್ನುತ್ತ ಹಸಿರು ಗೆರೆಯೊಳಗಿನದೆಲ್ಲ ಕರಗುತ್ತ ಬಂತು. ಕೊನೆಗೆ ಕೆಳಗಿನ ಮೂಲೆಯಲ್ಲಿ ಶೇಂಗಾ ಬೀಜದಷ್ಟು ಉಳಿಯಿತು. ಹೆಸರಿನ ಎಳೆ ಹೋಗುವುದು ಅದರ ಮಗ್ಗುಲಲ್ಲೇ.

"ಸ್ನೇಹಲ್, ಈಗ ಜನರ ಹೆಸರು ಕೇಳಮ್ಮ," ಎಂದರು ಡಾಕ್ಟರ್.

"ನಿಮ್ಮ ಅತ್ತಿ ಹೆಸರೇನ್ರಿ?"

"ಕೃಷ್ಣವ್ವ."

"ಗಂಡನ ಹೆಸರು?"

ರಾಜೇಶ್ವರಿ ಸುಮ್ಮನಾದಳು.

"ಅಕ್ಕಾರ, ಗಂಡನ ಹೆಸರು?"

ಟಿ.ವಿ.ಯ ಕಡ್ಡಿ ಅಲ್ಲೇ ನಿಂತಿತು. ಡಾಕ್ಟರ್ ಕರೆಂಟು ತೆಗೆದು, ಸ್ವಲ್ಪ ತಡೆದು, ಸ್ನೇಹಲ್‌ಳಿಂದ ಇನ್ನೊಮ್ಮೆ ಕೇಳಿಸಿದರು. ಆಗಲೂ ಮಾತಿಲ್ಲ.

"ಕರೆಂಟಿಲ್ಲದೇನೂ ಬರ್ತಿಲ್ಲ. ಮಿದುಳು ಕೂತು ಎಳೆ ನಾನಂದ್ಕೊಂಡದ್ದಕ್ಕಿಂತ ಹತ್ತಿರ ಬಂದಿರಬೇಕು," ಎಂದರು ಡಾಕ್ಟರ್ ತಗ್ಗಿದ ದನಿಯಲ್ಲಿ. "ಇಷ್ಟಕ್ಕೇ ಸಾಕು. ಉಳಿದದ್ದು ಉಳೀಲಿ. ಮುಚ್ಚೋಣ."

ಆಗ ಬಟ್ಟೆಯ ಕೆಳಗಿನಿಂದ ದನಿ ಎದ್ದಿತು. "ತಡೀರಿ ಸಾಹೇಬ್ರ, ತಡೀರಿ! ಬಾಯಿ ಬಂದ್ ಆಗಿಲ್ರಿ. ಒಡಪ ಕಟ್ಟಾಕ ಹತ್ತೇನಿ."

"ಏನು ಕಟ್ತಾ ಇದಾರೆ?" ಎಂದು ಡಾಕ್ಟರ್ ಬೆಚ್ಚಿದರು.

ಸ್ನೇಹಲ್ ಹಣೆ ಬಡಿದುಕೊಳ್ಳಲು ಹೋಗಿ, ಕೈಗವಸು ನೆನಪಾಗಿ ನಿಲ್ಲಿಸಿದಳು. "ಅಯ್ಯ, ನನ್ನ ಬುದ್ಧಿಗಿಷ್ಟ! ಸರ್, ಇವರು ಗಂಡನ ಹೆಸರ ಸುಮ್ಮ ಹೇಳಂಗಿಲ್ರಿ, ಪ್ರಾಸ ಕಟ್ಟಿ ಹೇಳತಾರ. ನಿನ್ನೆ ಇವರ ಗಂಡಾನ ಉತ್ರಾ ಕೊಟ್ಟಿದ್ರು, ನಾ ಲಕ್ಷ್ಯ ಕೊಡಲಿಲ್ಲ. ಈ ಒಡಪ ಬರೀ ಮದುವ್ಯಾಗ ಚ್ಯಾಷ್ಟಿಗೆ ಹೇಳ್ತಾರ ಅಂದ್ಕೊಂಡಿದ್ದೆ."

"ಒಂದ ಸಾಲ ಆಗೇತ್ರಿ, ಕೇಳ್ರಿ," ಎಂದಳು ರಾಜೇಶ್ವರಿ ಹೆಮ್ಮೆಯಿಂದ. "ಟಿ.ವ್ಯಾಗ ಕಾಣತೈತಿ ನನ್ನ ತಲಿ ಒಳಗಿನ ಮನಿ..."

ಕೋಣೆ ತುಂಬ ನಗು. ಅರಿವಳಿಕೆಯ ಡಾಕ್ಟರು ಸಹ ನಕ್ಕರು. ನಗದವರು ಡಾಕ್ಟರ್ ಲಕ್ಷ್ಮಣ ಒಬ್ಬರೇ. ಅವರು ಅವಳ ಕಿವಿಯ ಹತ್ತಿರ ಬಾಗಿದರು.

"ಚೆನ್ನಾಗಿದೆ ತಾಯಿ. ಆದರೆ ನನಗದು ಉಪಯೋಗಕ್ಕೆ ಬರಲ್ಲ. ಪ್ರಾಸ, ಹಾಡು ಇವೆಲ್ಲ ತಲೆಯಲ್ಲಿ ಬೇರೆ ದಾರೀಲಿ ಬಂದುಬಿಡ್ತವೆ. ಪ್ರಾಸದ ಬಾಲ ಹಿಡ್ಕೊಂಡು ಹೆಸರೂ ಬಂದರೆ, ಎಳೆ ಇದೆಯೋ ಹೋಯಿತೋ ನನಗೆ ಗೊತ್ತಾಗಲ್ಲ. ಆ ಶೇಂಗಾ ಬೀಜದಷ್ಟು ಉಳಿದಿದೆಯಲ್ಲ, ಅದನ್ನ ಬಿಟ್ಟರೆ ಮತ್ತೆ ಬೆಳೆಯುತ್ತೆ. ತೆಗೆಯೋದಾದರೆ ಕೇಳಿದ ಕೂಡಲೇ ಹೆಸರು ಬರಬೇಕು. ಬರಿದಾಗಿ."

"ಬ್ಯಾರೆದೋರ ಹೆಸರ ಕೇಳ್ರಿ. ಓಣಿ ಮಂದಿದೆಲ್ಲಾ ಹೇಳತೇನಿ."

"ಕೇಳ್ತೀನಿ. ಆದರೆ ನೀವು ಸುಮ್ಮನಾಗಿದ್ದು ಈ ಹೆಸರಿಗೆ. ಇದು ಒಳಗೆ ಇದೆ ಅಂತ ಗೊತ್ತಾಗದೆ ನಾನು ಕೈ ಮುಂದಕ್ಕಿಡಲ್ಲ."

"ಐತ್ರಿ, ಐತಿ. ಎಲ್ಲಿ ಹೋಗತೈತಿ?"

ಹೇಳಿದಳು ನಿಜ, ಆದರೆ ಹೇಳಿದ ಕ್ಷಣಕ್ಕೇ ಅವಳಿಗೇ ಅನುಮಾನ ಬಂತು. ಐತೇನು? ಇಷ್ಟು ವರ್ಷ ಆ ಹೆಸರನ್ನು ಅವಳು ಒಮ್ಮೆಯೂ ಒಂಟಿಯಾಗಿ ನಾಲಿಗೆಯ ಮೇಲೆ ಇಟ್ಟುಕೊಂಡಿರಲಿಲ್ಲ. ಯಾವಾಗಲೂ ಮುಂದೊಂದು ಸಾಲು ಕೈಹಿಡಿದು ಕರೆದುಕೊಂಡು ಬರುತ್ತಿತ್ತು. ತಂಬಗಿಯೂ ಒಳಗೆ ಇತ್ತಲ್ಲ, ಸಂಗೊಳ್ಳಿಯಲ್ಲಿ ಹೊರಗೆ ಬಂತೇ? ಹೆಸರು ಇದೆಯೋ ಇಲ್ಲವೋ ನೋಡಲು ಅವಳಿಗೂ ಇರುವುದು ಒಂದೇ ದಾರಿ, ಹೇಳಿ ನೋಡುವುದು.

ಕಣ್ಣ ಮುಂದೆ ಹೊಸ್ತಿಲು ಬಂತು. ಅತ್ತೆಯ ಬಿಸಿಯುಸಿರು ಕಿವಿಗೆ ತಾಗಿದಂತಾಯಿತು. ಹೊರಗೆ ಕರವಸ್ತ್ರದ ಗಂಟು ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತವನು ಕಂಡ. ಅವನಿಗೇನಾದರೂ ಆದರೆ? ಆದರೆ ಅವನ ಹೆಸರೇ ಇಲ್ಲದ ತಲೆ ಹೊತ್ತು ಮನೆಗೆ ಹೋಗಿ ಅವನೆದುರು ಹೇಗೆ ಕೂಡುವುದು?

"ಕೇಳವಾ ಸ್ನೇಹಲ್," ಎಂದಳು.

"ಗಂಡನ ಹೆಸರು?"

ರಾಜೇಶ್ವರಿ ಕಣ್ಣು ಮುಚ್ಚಿದಳು.

"ಮಡಿವಾಳೆಪ್ಪ."

ಅಷ್ಟೇ. ಮುಂದೆ ಹಿಂದೆ ಏನೂ ಇಲ್ಲದೆ, ಸೀದಾ. ಬಾಯಿಗೆ ಹೊಸ ರುಚಿ ಬಿದ್ದಂತಾಯಿತು.

"ಕಡ್ಡಿ ಮುಂದಕ್ಕೆ ಹೋಗ್ತಿದೆ. ಮತ್ತೆ?" ಎಂದರು ಡಾಕ್ಟರ್.

"ಮಡಿವಾಳೆಪ್ಪ."

"ಮತ್ತೆ."

"ಮಡಿವಾಳೆಪ್ಪ! ಮಡಿವಾಳೆಪ್ಪ! ಮೋಟಾರ್ ಅಂಗಡಿ ಮಡಿವಾಳೆಪ್ಪ! ಉಪ್ಪ ಕಡಿಮಿ ಆದ್ರೂ ಸುಮ್ಮನ ಉಣ್ಣೂ ಮಡಿವಾಳೆಪ್ಪ! ನನ್ನ ಮಡಿವಾಳೆಪ್ಪ!"

ಒಂದು ಕಡೆ ಮಾತ್ರ "ಮಡಿ..." ಎಂದು ತಡೆಯಿತು. ಟಿ.ವಿ.ಯಲ್ಲಿ ಎಳೆ ಇನ್ನೂ ಅಷ್ಟು ದೂರವಿದ್ದಂತೆ ಕಾಣುತ್ತಿತ್ತು. ಡಾಕ್ಟರ್ ನಕ್ಷೆಯನ್ನು ನೋಡಲಿಲ್ಲ, ಅವಳ ಬಾಯಿಯನ್ನು ನಂಬಿದರು. ಅಲ್ಲಿಂದ ಒಂದು ಕೂದಲು ಈಚೆಗೆ ಸರಿದು ಬಂದರು. "ಮಡಿವಾಳೆಪ್ಪ" ಪೂರ್ತಿಯಾಗಿ ಮರಳಿ ಬಂತು. ಸ್ವಲ್ಪ ಹೊತ್ತಿಗೆ ಅವರು ನೆಟ್ಟಗೆ ನಿಂತು, "ಗಡ್ಡೆ ಬಂತು. ಪೂರ್ತಿ ಬಂತು," ಎಂದರು. "ಇನ್ನು ಸುಮ್ಮನಿರಬಹುದು ತಾಯಿ."

"ಮಡಿವಾಳೆಪ್ಪ," ಎಂದಳು ರಾಜೇಶ್ವರಿ, ಸುಮ್ಮನೆ, ತನ್ನ ಖುಷಿಗೆ.

ವಾರ್ಡಿಗೆ ತಂದ ಮೇಲೆ ಬೈಲಹೊಂಗಲದಿಂದ ಬಸ್ಸು ಹಿಡಿದು ಕೃಷ್ಣವ್ವ ಬಂದಳು, ಕಂಕುಳಲ್ಲಿ ರೊಟ್ಟಿಯ ಗಂಟು. ಡಾಕ್ಟರರ ಮಾತಿನ ಮೇಲೆ ನಂಬಿಕೆ ಸಾಲದೆ ತನ್ನದೇ ಪರೀಕ್ಷೆ ಶುರು ಮಾಡಿದಳು.

"ಇದೇನವಾ?"

"ರೊಟ್ಟಿ, ಅತ್ತಿ. ದಪ್ಪ ಆಗ್ಯಾವು. ಯಾರ ಬಡದ್ರು?"

"ನಾನ ಬಡದೇನಿ. ಬಾಯಿ ನೆಟ್ಟಗೈತಿ ಬಿಡು," ಎಂದಳು ಮುದುಕಿ, ಸಮಾಧಾನದಿಂದ.

ಮಡಿವಾಳೆಪ್ಪನಿಗೆ ತಡೆಯಲಾಗಲಿಲ್ಲ. ಸ್ನೇಹಲ್ ಹೊರಗೆ ಬಂದು ಎಲ್ಲ ಹೇಳಿದಾಗಿನಿಂದ ಅವನ ಮುಖ ಮದುಮಗನದಾಗಿತ್ತು. "ಅವ್ವಾ, ಗೊತ್ತೇನ? ಒಳಗ ಇಕಿ ನನ್ನ ಹೆಸರ..." ಎಂದವನು ತಾಯಿಯ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

ಕೃಷ್ಣವ್ವ ಸೊಸೆಯ ಕಡೆ ತಿರುಗಿದಳು. "ಒಡಪ ಇಲ್ದನ?"

"ಇಲ್ದನ, ಅತ್ತಿ," ಎಂದಳು ರಾಜೇಶ್ವರಿ. "ಬರೀ ಬಾಯಿಲೆ. ಎಷ್ಟ ಸಲ ಅಂದ್ನೋ ಲೆಕ್ಕ ಇಲ್ಲ. ಅನದಿದ್ರ ಇವರ ಹೆಸರ ನನ್ನ ತಲ್ಯಾಗ ಉಳದೈತೋ ಇಲ್ಲೋ ಗೊತ್ತಾಗತಿದ್ದಿಲ್ಲ."

ಮುದುಕಿ ಎದ್ದು ಮಗನ ಹಣೆ ಮುಟ್ಟಿ ನೋಡಿದಳು. ಕುತ್ತಿಗೆ ಮುಟ್ಟಿದಳು.

"ಜ್ವರಾ ಗಿರಾ ಐತೇನೋ?"

"ಇಲ್ಲಬೇ. ಹಸಿವ್ಯಾಗೇತಿ."

ಕೃಷ್ಣವ್ವ ಕೈ ತೆಗೆದಳು. ಆಮೇಲೆ ಗಂಟು ಬಿಚ್ಚುತ್ತ, ಯಾರಿಗೂ ಅಲ್ಲವೆಂಬಂತೆ, "ಹೋರಿ ಬಂದಾಗ ಬಾಯಿ ಮುಚಗೊಂಡ ನಿಂದ್ರಾಕ ಆಗತೈತೇನ," ಎಂದಳು. ಮಗನ ಕೈಗೆ ರೊಟ್ಟಿ ಕೊಟ್ಟು, ಮೇಲೆ ಚಟ್ನಿ ಹಾಕಿ, "ಉಣ್ಣು," ಎಂದು ಗದರಿದಳು.

ಉಣ್ಣುತ್ತ ಮಡಿವಾಳೆಪ್ಪ ಹೆಂಡತಿಯ ಕಡೆ ಬಾಗಿದ. "ಟಿ.ವಿದು ಒಂದ ಸಾಲ ಉಳದೈತಂತಲ್ಲ?"

ರಾಜೇಶ್ವರಿ ತಲೆಯ ಪಟ್ಟಿ ಸರಿಮಾಡಿಕೊಂಡು, ವಾರ್ಡಿನ ಎಲ್ಲ ಮಂಚಗಳಿಗೂ ಕೇಳುವಂತೆ ಹೇಳಿದಳು:

"ಟಿ.ವ್ಯಾಗ ಕಾಣತೈತಿ ನನ್ನ ತಲಿ ಒಳಗಿನ ಮನಿ,
ಹುಡುಕಿದ್ರ ಅಲ್ಲೇ ಕುಂತಾರ ಮಡಿವಾಳೆಪ್ಪ ಧಣಿ."

ಪಕ್ಕದ ಮಂಚದವಳು ಶಹಬ್ಬಾಸ್ ಎಂದಳು. ಧಣಿಗೆ ಚಟ್ನಿ ನೆತ್ತಿಗೇರಿತು. ಕೃಷ್ಣವ್ವ ಅವನ ಬೆನ್ನು ತಟ್ಟಿ ನೀರು ಕೊಟ್ಟಳು.

ಒಡಪ ಚೆನ್ನಾಗಿಯೇ ಇತ್ತು. ಆದರೆ ಹೊಸ್ತಿಲ ಮುಂದೆ ಅತ್ತೆಗೆ ಕೊಟ್ಟ ಮಾತನ್ನು ರಾಜೇಶ್ವರಿ ಮುರಿದಿದ್ದಳು.